ಥೀಮ್ಯಾಟಿಕ್ ಊಟ

ಗೊತ್ತಿಲ್ಲ ಎನ್ನಲು ನನಗೆ ಮೊದಲಿನಿಂದಲೂ ನಾಲಿಗೆ ಹೊರಳುವುದಿಲ್ಲ. ಲೋಕಲ್ ರೈಲಿನಲ್ಲಿ ದಾರಿ ಕೇಳಿದವರಿಗೆ, ನಾನೇ ಇಳಿದಿರದ ಸ್ಟೇಷನ್ನಿಗೂ ದಾರಿ ಹೇಳಿ ಕಳುಹಿಸಿದ್ದೇನೆ. ಅವರು ಆಮೇಲೆ ಎಲ್ಲಿ ಇಳಿದರೋ ದೇವರೇ ಬಲ್ಲ. ಹೀಗಾಗಿ ಮುಂಬಯಿಯ ಮಲಾಡಿನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ, ಈ ವರ್ಷದ ಊಟ ಥೀಮ್ಯಾಟಿಕ್, ಎಲ್ಲರೂ ಅದಕ್ಕೆ ತಕ್ಕಂತೆ ಬರಬೇಕು ಎಂದಷ್ಟೇ ಇಂಗ್ಲಿಷಿನಲ್ಲಿ ಸೂಚನೆ ಬಂದು, ಹೆಂಡತಿ ಸುಮಿತ್ರಾ "ಹಂಗಂದ್ರ ಏನ್ರೀ?" ಎಂದಾಗ, ಸೆಕ್ರೆಟರಿಗೆ ಒಂದು ಫೋನ್ ಮಾಡುವುದು ಬಿಟ್ಟು ನಾನು ಕಪಾಟಿನಿಂದ ಡಿಕ್ಷನರಿ ಇಳಿಸಿದೆ.

ಅವಳ ಆತಂಕಕ್ಕೆ ಕಾರಣವಿತ್ತು. ಹೋದ ವರ್ಷ ನಾನು ಸೂಚನೆಯನ್ನೇ ಓದದೆ, ಎಲ್ಲರೂ ರಾಜಸ್ಥಾನಿ ವೇಷದಲ್ಲಿದ್ದಾಗ ಅವಳೊಬ್ಬಳೇ ಇಳಕಲ್ ಸೀರೆಯಲ್ಲಿ ಹೋಗುವಂತಾಗಿತ್ತು. ಧಾರವಾಡದಲ್ಲಿ ಹತ್ತು ಜನರ ನಡುವೆ ಗಟ್ಟಿಯಾಗಿ ನಗುತ್ತಿದ್ದವಳು ಅಂದು ಟೆರೇಸಿನ ನೀರಿನ ಟಾಕಿಯ ಹಿಂದೆ ನಿಂತು ಊಟ ಮುಗಿಸಿದ್ದಳು. ನೆನೆದರೆ ಈಗಲೂ ಕೆಡುಕೆನಿಸುತ್ತದೆ. "ಈ ಸಲ ನಾ ಎದ್ದು ಕಾಣಬಾರದು ನೋಡ್ರಿ," ಎಂದಳು.

ಎರಡು ದಿನ ಪಾಠ ಮಾಡಿದೆ. ಥೀಮ್ಯಾಟಿಕ್ ಎಂಬುದು ಗುಣವಾಚಕ, ಒಂದು ವಿಷಯಕ್ಕೆ ಸಂಬಂಧಿಸಿದ್ದು ಎಂದರ್ಥ. ಥೀಮ್ ಹುಟ್ಟಿದ್ದು ಗ್ರೀಕಿನಲ್ಲಿ, ಅಲ್ಲಿ ಅದರ ಅರ್ಥ 'ಇಟ್ಟದ್ದು'. ಮಾತಾಡಲೆಂದು ಎದುರಿಗೆ ಇಟ್ಟದ್ದೇ ವಿಷಯವಾಯಿತು.

ರೊಟ್ಟಿ ಬಡಿಯುತ್ತಿದ್ದ ಸುಮಿತ್ರಾ, "ಅದೆಲ್ಲಾ ಖರೆ, ನಾ ಏನು ಉಡಲಿ?" ಎಂದಳು. ತಡೆ, ಅದಿನ್ನೂ ಲ್ಯಾಟಿನ್ ದಾಟಿ ಫ್ರೆಂಚಿಗೆ ಬರಬೇಕು ಎಂದೆ. ಮೂರನೆಯ ದಿನ ಅವಳು ಕೇಳುವುದನ್ನೇ ಬಿಟ್ಟಳು. ವಿದ್ಯೆ ತಲೆಗೆ ಹತ್ತಿತು ಎಂದುಕೊಂಡೆ.

ಊಟದ ಸಂಜೆ ಅವಳು ಬಡಿಸುವವರಿಗೆ ನೆರವಾಗಲು ಮೊದಲೇ ಹೋದಳು. ವಿಷಯ ಏನೇ ಇರಲಿ, ರೇಷ್ಮೆ ಎಲ್ಲಕ್ಕೂ ಸಲ್ಲುತ್ತದೆ ಎಂದು ನಾನು ಮದುವೆಯ ಕಾಲದ ಕಡುಗೆಂಪು ಜುಬ್ಬಾ ಏರಿಸಿ ಮೆಟ್ಟಿಲು ಹತ್ತಿದೆ. ಟೆರೇಸಿನ ತುಂಬ ಹಳದಿ. ಹಳದಿ ಸೀರೆಯ ಸುಮಿತ್ರಾ ಪಕ್ಕದ ಮನೆಯ ಮರಾಠಿ ಹೆಂಗಸಿನ ತೋಳು ಹಿಡಿದು ಗಟ್ಟಿಯಾಗಿ ನಗುತ್ತಿದ್ದಳು. ನಿನಗೆ ಹೇಗೆ ಗೊತ್ತಾಯಿತು ಎಂದೆ.

"ವಾಚ್‌ಮನ್‌ಗ ಕೇಳಿದೆ. 'ಪೀಲಾ' ಅಂದ, ಮುಗೀತು."

"ನನಗ್ಯಾಕ ಹೇಳಲಿಲ್ಲ?"

"ಫ್ರೆಂಚಿನ ನಡುವ ಎಲ್ಲಿ ಹೇಳಲಿ? ಹಳದಿ ಅಂಗಿ ಇಸ್ತ್ರಿ ಮಾಡಿ ಮೇಜಿನ ಮ್ಯಾಲ ಇಟ್ಟಿದ್ದೆ, ಕಾಣಲಿಲ್ಲೇನು?"

ನೀರಿನ ಟಾಕಿಯ ಹಿಂದೆ ಜಾಗ ಖಾಲಿಯಿತ್ತು. ಅಲ್ಲೇ ನಿಂತು ಊಟ ಮಾಡಿದೆ. ಅವಳ ನಗು ಅಲ್ಲಿಗೂ ಕೇಳುತ್ತಿತ್ತು, ಹಿತವಾಗಿತ್ತು. ಮನೆಗೆ ಬಂದು ನೋಡಿದರೆ ಅಂಗಿ ಮೇಜಿನ ಮೇಲೇ ಇತ್ತು. ಅದರ ಮೇಲೆ, ಥೀಮ್ ಇದ್ದ ಪುಟಕ್ಕೇ ತೆರೆದುಕೊಂಡು, ನಾನೇ ಇಟ್ಟ ಡಿಕ್ಷನರಿ.