ಭಾರ ಇಳಿಸಿಕೊಳ್ಳೋಣ ಬನ್ನಿ

ತಪ್ಪು ಕನ್ನಡಕದಣ್ಣನದೂ ಅಲ್ಲ, ಜೆರಾಕ್ಸ್ ಅಂಗಡಿಯವನದೂ ಅಲ್ಲ. ತಪ್ಪೆಲ್ಲ ಮೆಷಿನ್ನಿನೊಳಗೆ ಒಂದು ಇಂಚು ಮೇಲಕ್ಕೆ ಜಾರಿದ ಕಾಗದದ್ದು.

ಕನ್ನಡಕದಣ್ಣ ಎಂದರೆ ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ ಇಟ್ಟವನು. ನಲವತ್ತೇಳು ವರ್ಷ, ಒಂಟಿ ಜೀವ, ಮಾತು ಕಡಿಮೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಅವನ ಕೈ, ನಾಲ್ಕು ಜನ ಸೇರಿದ ಕಡೆ ಗಡಗಡ ನಡುಗುತ್ತಿತ್ತು. ಅವನು ಗಂಡಸರನ್ನು ಪ್ರೀತಿಸುವ ಗಂಡಸು. ಆ ವಿಷಯವನ್ನು ಇಪ್ಪತ್ತು ವರ್ಷದಿಂದ ತಾನಿದ್ದ ವಠಾರದ ಒಂದು ನರಪಿಳ್ಳೆಗೂ ಸುಳಿವು ಸಿಗದಂತೆ ಬಚ್ಚಿಟ್ಟಿದ್ದ. ತಿಂಗಳಿಗೊಮ್ಮೆ 'ಲೆನ್ಸ್ ತರಬೇಕು' ಎಂದು ಬಸ್ಸು ಹತ್ತಿ, ಮೂರು ಗಂಟೆ ದೂರದ ನಗರದಲ್ಲಿ ತನ್ನಂಥವರು ಸೇರುವ ಒಂದು ಕೋಣೆಯಲ್ಲಿ ಕೂತು ಬರುತ್ತಿದ್ದ. ಹೋದ ಸಲ ಅಲ್ಲಿನ ಹಿರಿಯರೊಬ್ಬರು ಕೇಳಿದ್ದರು: "ಬಸ್ ಹತ್ತೋಕೆ ಆಗದೋರು ನಿಮ್ಮೂರಲ್ಲೂ ಇರ್ತಾರಲ್ಲಪ್ಪ. ಅವರು ಎಲ್ಲಿಗೆ ಹೋಗ್ಬೇಕು?"

ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಹದಿನೈದು ದಿನ ಚುಚ್ಚಿತು. ಕೊನೆಗೆ ಒಂದು ನೋಟೀಸು ಬರೆದ. ಮೇಲೆ 'ಮನಸ್ಸಿನ' ಎಂದು ಒಂದು ಸಾಲು. ಅದರ ಕೆಳಗೆ ದಪ್ಪಕ್ಷರದಲ್ಲಿ 'ಭಾರ ಇಳಿಸಿಕೊಳ್ಳೋಣ ಬನ್ನಿ. ಭಾನುವಾರ ಸಂಜೆ ಐದಕ್ಕೆ, ವಠಾರದ ಹಾಲ್. ಉಚಿತ. ಗುಟ್ಟು ಕಾಪಾಡಲಾಗುವುದು.' ನಿಜವಾದ ವಿಷಯ ಬರೆಯುವ ಹೊತ್ತಿಗೆ ಧೈರ್ಯ ಸೋರಿಹೋಗಿ, ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದ: 'ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ, ಹುಟ್ಟಿದ ದೇಹ ತನ್ನದಲ್ಲ ಅನಿಸಿದರೆ, ಅಂಥವರೂ ಅವರ ಮನೆಯವರೂ ಕೂತು ಮಾತಾಡಲು.'

ಜೆರಾಕ್ಸ್ ಮಾಡಿಸುವಾಗ ಮೆಷಿನ್ನು 'ಮನಸ್ಸಿನ' ಎಂಬುದನ್ನು ನುಂಗಿಹಾಕಿತು. ಶನಿವಾರ ಸಂಜೆ ನೋಡದೆಯೇ ಹನ್ನೆರಡು ಕಡೆ ಅಂಟಿಸಿ ಬಂದು ಮಲಗಿದ.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಮೇಲಿನ ಮನೆಯ ಲಾರಿ ಡ್ರೈವರ್, ಹೊಟ್ಟೆ ಸವರಿಕೊಳ್ಳುತ್ತಾ ನಿಂತಿದ್ದ.

"ಕನ್ನಡಕದಣ್ಣ, ಹದಿನೈದು ಕೆಜಿ ಇಳಿಸ್ಬೇಕು. ಆಗುತ್ತಾ?"

"ಏನು ಹದಿನೈದು ಕೆಜಿ?"

"ನಿನ್ನೆ ನೀವು ಅಂಟಿಸ್ತಿದ್ದ ನೋಟೀಸಲ್ಲಿ ಗುಟ್ಟು ಕಾಪಾಡ್ತೀರಿ ಅಂತ ಬರ್ದಿದ್ದೀರಲ್ಲ, ಅದು ತುಂಬಾ ಹಿಡಿಸ್ತು. ನನ್ನ ತೂಕ ನಮ್ಮನೆಯವಳಿಗೆ ಗೊತ್ತಾಗಬಾರದು ನೋಡಿ."

ಕನ್ನಡಕದಣ್ಣ ಮೆಟ್ಟಿಲಿಳಿದು ಓಡಿದ. ಗೋಡೆಯ ನೋಟೀಸಿನಲ್ಲಿ 'ಮನಸ್ಸಿನ' ಎಂಬ ಸಾಲೇ ಇರಲಿಲ್ಲ. ಒಂದನ್ನು ಕಿತ್ತ, ಎರಡನ್ನು ಕಿತ್ತ. ಮೂರನೆಯದಕ್ಕೆ ಉಗುರು ಹಾಕುವಷ್ಟರಲ್ಲಿ ಹಿಂದಿನಿಂದ ಗುಡುಗು ಬಂತು.

"ಯಾರದು, ನೋಟೀಸ್ ಹರಿಯೋದು?"

ಕೆಳಮನೆಯ ಹೆಡ್‌ಮೇಡಂ. ನಿವೃತ್ತಿಯಾಗಿ ಹತ್ತು ವರ್ಷವಾಗಿದ್ದರೂ ವಠಾರವೆಲ್ಲ ಅವರಿಗೆ ಇನ್ನೂ ಐದನೇ ಕ್ಲಾಸು.

"ನಾನೇ ಮೇಡಂ. ಇದರಲ್ಲೊಂದು ತಪ್ಪಾಗಿದೆ..."

"ಒಳ್ಳೇ ಕೆಲಸಕ್ಕೆ ಕೈ ಹಾಕಿ ಹೆದರ್ಕೋಬಾರದಪ್ಪ. ನಾನು ನಿನ್ನೆ ರಾತ್ರೀನೇ ಇನ್ನೂ ನಲವತ್ತು ಕಾಪಿ ಮಾಡಿಸಿ ಅಂಚೆ ಕಚೇರಿ, ಬ್ಯಾಂಕು, ಆಸ್ಪತ್ರೆ ಎಲ್ಲಾ ಕಡೆ ಅಂಟಿಸಿ ಬಂದೆ. ಗುಜರಿ ಅಂಗಡಿಯಿಂದ ತೂಕದ ಯಂತ್ರಾನೂ ಬರ್ತಿದೆ."

"ತೂಕದ ಯಂತ್ರ ಯಾಕೆ ಮೇಡಂ?"

"ಬಂದೋರು ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?" ಎಂದು ಮೇಡಂ ಹೊರಟೇಹೋದರು.

ಮಧ್ಯಾಹ್ನವಿಡೀ ಅವನು ತಪ್ಪಿಸಿಕೊಳ್ಳುವ ದಾರಿ ಹುಡುಕಿದ. ಜ್ವರ ಎನ್ನೋಣವೆಂದರೆ ಡ್ರೈವರ್ ಹೆಂಡತಿ ನರ್ಸು. ಹಾಲ್‌ನ ಬೀಗ ಕೆಟ್ಟಿದೆ ಎನ್ನೋಣವೆಂದರೆ ಬೀಗದ ಕೈ ಮೇಡಂ ಸೊಂಟದಲ್ಲಿ. ನಾಲ್ಕೂವರೆಗೆ ಬಸ್ ನಿಲ್ದಾಣದ ಕಡೆ ಹೆಜ್ಜೆ ಹಾಕಿದವನನ್ನು ಬ್ಯಾಂಕಿನ ಮ್ಯಾನೇಜರು, "ಅಯ್ಯೋ, ಹಾಲ್ ಈ ಕಡೆ ಅಲ್ವಾ?" ಎಂದು ರಟ್ಟೆ ಹಿಡಿದು ವಾಪಸು ಕರೆತಂದರು.

ಹಾಲ್‌ನಲ್ಲಿ ಮೂವತ್ತೊಂದು ಜನ. ಅರ್ಧಕ್ಕರ್ಧ ಜನ ಚಾಪೆ ತಂದಿದ್ದರು. ಡ್ರೈವರ್ ಟ್ರ್ಯಾಕ್ ಪ್ಯಾಂಟು ಹಾಕಿ, ದಾರದಲ್ಲಿ ಸುತ್ತಿದ ಪಾರ್ಸೆಲ್ಲಿನಂತೆ ಮುಂದಿನ ಸಾಲಿನಲ್ಲಿ ನಿಂತಿದ್ದ.

"ಶುರು ಮಾಡಪ್ಪ. ಮೊದಲು ಕೈ ಎತ್ತಬೇಕಾ, ಕಾಲಾ?" ಎಂದರು ಮೇಡಂ.

"ಇದು... ಆ ಭಾರ ಅಲ್ಲ," ಎಂದ ಕನ್ನಡಕದಣ್ಣ. ದನಿ ಮೂರನೇ ಸಾಲಿಗೂ ಮುಟ್ಟಲಿಲ್ಲ.

"ಯಾವ ಭಾರ? ಜೋರಾಗಿ!"

ಆಗ ಹಿಂದಿನ ಮೂಲೆಯಿಂದ ಒಬ್ಬ ಹೆಂಗಸು ಎದ್ದು ನಿಂತಳು. ಇಸ್ತ್ರಿ ಅಂಗಡಿಯವಳು. ಚಾಪೆ ತಂದಿರಲಿಲ್ಲ. ಕೈಯಲ್ಲಿ ನಾಲ್ಕು ಮಡಿಕೆಯ ನೋಟೀಸು ಇತ್ತು.

"ಅಣ್ಣಾ, ನಾನು ಕೆಳಗಿನ ಸಣ್ಣಕ್ಷರ ಓದಿಸ್ಕೊಂಡು ಬಂದೆ," ಎಂದಳು. "ನನ್ನ ಮಗಳು ಅವಳ ಗೆಳತಿ ಜೊತೆ ಬಾಳ್ತೀನಿ ಅಂದ್ಲು. ನಾನು ಬಾಗಿಲು ಹಾಕ್ಕೊಂಡೆ. ಎಂಟು ತಿಂಗಳಾಯ್ತು. ಇದು ಕಾಯಿಲೆನಾ ಅಣ್ಣಾ?"

ಮುಂದಿನ ಸಾಲಿನವರು ಚಾಪೆ ಸುತ್ತಿಕೊಂಡು ಅವಳ ಕಡೆ ತಿರುಗಿದರು.

"ಕಾಯಿಲೆ ಅಲ್ಲಮ್ಮ," ಎಂದ ಅವನು. ಈ ಸಲ ಎಲ್ಲರಿಗೂ ಕೇಳಿಸಿತು.

"ನಾನು ಸಾಕಿದ್ದರಲ್ಲಿ ತಪ್ಪಾಯ್ತಾ?"

"ಇಲ್ಲ. ಯಾರ ತಪ್ಪೂ ಅಲ್ಲ. ಕೆಲವರು ಎಡಗೈಲಿ ಬರೀತಾರಲ್ಲ, ಹಾಗೆ. ಹೊಡೆದು ಬಲಗೈಲಿ ಬರೆಸಬಹುದು. ಆದ್ರೆ ಜೀವನಪೂರ್ತಿ ಕೈ ನೋಯ್ತಾ ಇರುತ್ತೆ."

"ನಿಮಗೆ ಹೇಗೆ ಗೊತ್ತು ಅಣ್ಣಾ? ಪುಸ್ತಕದಲ್ಲಿ ಓದಿದ್ದಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆ ಹೆಂಗಸು ಅವನನ್ನೇ ನೋಡುತ್ತಿದ್ದಳು. ಕೈಯ ನೋಟೀಸನ್ನು ಇನ್ನೊಂದು ಮಡಿಕೆ ಮಡಚಿದಳು.

"ಓದಿದ್ದಲ್ಲಮ್ಮ. ನಾನೂ ಹಾಗೇ. ನನ್ನ ಮನಸ್ಸು ಹೋಗೋದು ಗಂಡಸರ ಕಡೆಗೇ. ಚಿಕ್ಕಂದಿನಿಂದಲೂ."

ಹೇಳಿ ಕಣ್ಣು ಮುಚ್ಚಿಕೊಂಡ. ಛಾವಣಿ ಬೀಳಲೆಂದು ಕಾದ. ಬೀಳಲಿಲ್ಲ. ಒಂದು ಕಣ್ಣು ತೆರೆದರೆ ಡ್ರೈವರ್ ತಲೆ ಕೆರೆದುಕೊಳ್ಳುತ್ತಿದ್ದ.

"ಅದು ಗೊತ್ತಲ್ಲ ಕನ್ನಡಕದಣ್ಣ. ಮುಂದೆ ಹೇಳಿ."

"ಗೊತ್ತಾ? ಯಾರಿಗೆ?"

"ಎಲ್ಲಾರಿಗೂ. ನಾನು ಆ ನಗರಕ್ಕೆ ಲೋಡ್ ಹೊಡೀತೀನಿ. ನಿಮ್ಮ ಸಭೆ ಎದುರಿನ ಹೋಟ್ಲಲ್ಲೇ ನನ್ನ ಊಟ. ಬೋರ್ಡ್ ಓದೋಕೆ ಬರುತ್ತೆ ನಂಗೆ."

"ಮತ್ತೆ ಇಷ್ಟು ವರ್ಷ ಯಾರೂ ಒಂದು ಮಾತು ಹೇಳಲಿಲ್ಲ?"

"ನೀನು ಅಷ್ಟೊಂದು ಕಷ್ಟಪಟ್ಟು ಮುಚ್ಚಿಡ್ತಾ ಇದ್ದೆ. ನಿನ್ನ ಶ್ರಮ ವ್ಯರ್ಥ ಆಯ್ತು ಅಂತ ಯಾವ ಬಾಯಲ್ಲಿ ಹೇಳೋದಪ್ಪ?" ಎಂದರು ಹೆಡ್‌ಮೇಡಂ.

ಇಪ್ಪತ್ತು ವರ್ಷದ ಶ್ರಮ ನೆನೆದು ಅವನಿಗೆ ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಾಗ ಅದು ಯಾವುದರ ನೀರೆಂದು ಯಾರೂ ಕೇಳಲಿಲ್ಲ. ಮೇಡಂ ಕಪ್ಪು ಹಲಗೆ ಎಳೆದು ತಂದು, "ಎಷ್ಟು ಥರದೋರು ಇರ್ತಾರೆ, ಸರಿಯಾಗಿ ಬರಿ. ಕಲಿಯೋಣ," ಎಂದರು. ಬ್ಯಾಂಕ್ ಮ್ಯಾನೇಜರು, ತಮ್ಮ ಅಣ್ಣನಿಗೆ ಮಗಳಾಗಿ ಹುಟ್ಟಿದ ಕೂಸು ಈಗ 'ಮಗ ಅಂತ ಕರೀರಿ' ಎನ್ನುತ್ತಿರುವುದನ್ನು ಮೆಲ್ಲಗೆ ಹೇಳಿದರು. ಏಳು ಗಂಟೆಯಾದರೂ ಯಾರೂ ಏಳಲಿಲ್ಲ. ಪ್ರತಿ ಭಾನುವಾರ ಸೇರುವುದೆಂದು ನಿರ್ಧಾರವಾಯಿತು. ಇಸ್ತ್ರಿಯವಳು ಮೆಟ್ಟಿಲ ಬಳಿ ನಿಂತು ಫೋನು ಕಿವಿಗಿಟ್ಟುಕೊಂಡು, "ಮಗಳೇ, ಊಟ ಆಯ್ತಾ?" ಎಂದಳು. "ಅವಳದೂ ಆಯ್ತಾ?"

ಅದನ್ನು ಕೇಳಿ ಎದೆ ಹಗುರಾಗಿ ಮನೆಗೆ ಹೊರಟ ಕನ್ನಡಕದಣ್ಣನ ತೋಳನ್ನು ಹೆಡ್‌ಮೇಡಂ ಗಟ್ಟಿಯಾಗಿ ಹಿಡಿದರು.

"ಇನ್ನು ಮುಚ್ಚುಮರೆ ಇಲ್ಲ ತಾನೆ? ಒಂದು ನಿಮಿಷ ನಮ್ಮನೆಗೆ ಬಾ."

"ಯಾಕೆ ಮೇಡಂ?"

"ಒಳ್ಳೇ ಹುಡುಗ, ನಿನ್ನ ಥರದೋನೇ. ನಲವತ್ತೈದು ವರ್ಷ. ಸ್ವಂತ ದುಡಿಮೆ. ಅವನಕ್ಕ ನನ್ನ ಶಿಷ್ಯೆ, ಎಲ್ಲಾ ವಿಚಾರಿಸಿದ್ದೀನಿ. ನಿನ್ನ ಸಣ್ಣಕ್ಷರ ನಾನೂ ಓದಿದ್ದೆ, ನಾಲ್ಕು ಗಂಟೆಯಿಂದಲೇ ಕೂರಿಸಿದ್ದೀನಿ."

"ಮೇಡಂ, ನಾನು ಈಗಷ್ಟೇ..."

"ಶರ್ಟು ಸರಿ ಮಾಡ್ಕೋ," ಎಂದು ಅವನನ್ನು ಒಳಕ್ಕೆ ದಬ್ಬಿ, ಮೇಡಂ ಬಾಗಿಲ ಹೊರಗೆ ಕುರ್ಚಿ ಹಾಕಿ ಕಾವಲು ಕೂತರು.

ಸೋಫಾದ ತುದಿಯಲ್ಲಿ, ಎಲ್ಲಿ ಗಲೀಜಾಗುತ್ತದೋ ಎಂಬಂತೆ ಮುದುಡಿ ಒಬ್ಬ ಗಂಡಸು ಕೂತಿದ್ದ. ತೊಡೆಯ ಮೇಲೆ ಸ್ಪ್ಯಾನರುಗಳ ಚೀಲ. ಕನ್ನಡಕದಣ್ಣನನ್ನು ಕಂಡದ್ದೇ ಅವನು ಧಡಕ್ಕನೆ ಎದ್ದು ನಿಂತ.

"ಈ ಮನೆಯವರಾ ಸರ್? ನಲ್ಲಿ ಸೋರ್ತಿದೆ ಅಂತ ಮೇಡಂ ಕರೆಸಿದ್ರು. ನಾಲ್ಕು ಗಂಟೆಯಿಂದ ಹುಡುಕ್ತಾ ಇದ್ದೀನಿ, ಒಂದು ನಲ್ಲೀನೂ ಸೋರ್ತಾ ಇಲ್ಲ. ಹೋಗೋಣ ಅಂದ್ರೆ ಹೊರಗಿಂದ ಚಿಲಕ ಹಾಕಿದ್ರು. ಸ್ವಲ್ಪ ನೀವಾದ್ರೂ ಹೇಳಿ ಸರ್, ಏನು ಸಮಾಚಾರ?"