ನನ್ನವರ ನಿವೃತ್ತಿ, ನನ್ನ ದವಡೆ

ನನ್ನವರು ಕೆಲಸದಿಂದ ನಿವೃತ್ತರಾದ ಮೇಲೆ ನನ್ನ ಹಲ್ಲುಗಳಿಗೆ ಕೆಲಸ ಜಾಸ್ತಿಯಾಯಿತು. ಇದು ತಿಳಿದದ್ದು ತಡವಾಗಿ. ಮೊದಲು ತಿಳಿದದ್ದು ಇಷ್ಟೇ: ಬೆಳಿಗ್ಗೆ ಎದ್ದರೆ ನನ್ನ ಬಾಯಿ ತೆರೆಯುತ್ತಿರಲಿಲ್ಲ. (ಸುದ್ದಿ ಕೇಳಿ ನಮ್ಮ ಓಣಿಯ ಕೆಲವರು ದೇವರಿಗೆ ಕೃತಜ್ಞತೆ ಹೇಳಿದರಂತೆ. ಹೇಳಿಕೊಳ್ಳಲಿ.)

ನನ್ನವರು, ಅಂದರೆ ರಿಫಾತ್, ಅಲೆಕ್ಸಾಂಡ್ರಿಯಾದ ಟ್ರಾಮುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವರು. ಟ್ರಾಮು ಕೈಬಿಟ್ಟ ಮೇಲೆ ಅವರ ತಪಾಸಣಾ ಸಾಮ್ರಾಜ್ಯದಲ್ಲಿ ಉಳಿದದ್ದು ನನ್ನ ಅಡುಗೆಮನೆಯೊಂದೇ. ಜೀರಿಗೆ ಡಬ್ಬಿ ಈ ಕಡೆ ಯಾಕೆ, ಕೊತ್ತಂಬರಿ ಆ ಕಡೆ ಯಾಕೆ ಅಂತ ಶುರುವಾಯಿತು. ಬಾಲ್ಕನಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟು ತರಕಾರಿ ತೆಗೆದುಕೊಳ್ಳುತ್ತೇನಲ್ಲ, ಆ ಬುಟ್ಟಿ ಹೊರಡುವುದಕ್ಕೂ ಬರುವುದಕ್ಕೂ ಹೊತ್ತು ಗೊತ್ತುಮಾಡಿದರು. ಮುಲೂಖಿಯಾ ಸೊಪ್ಪಿನ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಸುರಿಯುವಾಗ ‘ಹಾ’ ಅಂತ ಜೋರಾಗಿ ಉಸಿರೆಳೆದುಕೊಳ್ಳದಿದ್ದರೆ ಅದಕ್ಕೆ ರುಚಿ ಬರುವುದಿಲ್ಲ. ನಮ್ಮಮ್ಮ ಹಾಗೇ ಮಾಡಿದವಳು, ಅವಳಮ್ಮನೂ ಹಾಗೇ ಮಾಡಿದವಳು. ಉಸಿರಿಗೂ ಸಾರಿಗೂ ಏನು ಸಂಬಂಧ ಅಂತ ಇವರು ವಿಚಾರಣೆಗೆ ನಿಂತರು. ಆಮೇಲೆ ಒಂದು ಚಮಚ ಬಾಯಿಗಿಟ್ಟು, ನಿಂಬೆಹುಳಿ ಜಾಸ್ತಿಯಾಯಿತು ಅಂತ ಬಟ್ಟಲು ದೂಡಿದರು. ದಿನವೂ ಇದೇ ಪಾಡು. ಒಂದು ದಿನ ಖಾರ, ಒಂದು ದಿನ ಹುಳಿ, ಇನ್ನೊಂದು ದಿನ ಬಿಸಿ ಹೆಚ್ಚು.

ನಾನು ಒಂದು ಮಾತೂ ಆಡಲಿಲ್ಲ. (‘ಕಾಲೆತ್ತಿ, ಒರೆಸಬೇಕು’, ‘ಅಲ್ಲಿ ನಿಲ್ಲಬೇಡಿ’, ‘ಇಲ್ಲಿ ಯಾಕೆ ನಿಂತಿರಿ’ ಎಂಬುದನ್ನೆಲ್ಲ ಮಾತಿನ ಲೆಕ್ಕಕ್ಕೆ ಹಿಡಿಯಬಾರದು.) ಹಲ್ಲು ಕಚ್ಚಿಕೊಂಡು ಸಂಸಾರ ಮಾಡಿದೆ.

ನಿಜವಾಗಿಯೇ ಕಚ್ಚಿಕೊಂಡಿದ್ದೆ ಅಂತ ಗೊತ್ತಾದದ್ದು ಹಲ್ಲಿನ ಡಾಕ್ಟರ್ ಮಗ್ದಾ ಹತ್ತಿರ ಹೋದಾಗ. ದವಡೆ ಹಲ್ಲು ಹುಳುಕಾಗಿದೆ, ಕಿತ್ತುಹಾಕಿ ಪುಣ್ಯ ಕಟ್ಟಿಕೊಳ್ಳಿ ಅಂದೆ. ಆಕೆ ದೀಪ ಹಿಡಿದು ನೋಡಿ, ಹುಳುಕು ಎಲ್ಲೂ ಇಲ್ಲ ಅಂದರು. ಹಲ್ಲಿನ ತಲೆಗಳೆಲ್ಲ ಸವೆದು ಚಪ್ಪಟೆಯಾಗಿವೆ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದಿದೆ.

“ಮದಾಮ್, ನೀವು ನಿದ್ದೇಲಿ ಹಲ್ಲು ಕಡೀತಿದ್ದೀರಿ. ಮನಸ್ಸಿಗೆ ಒತ್ತಡ ಬಿದ್ರೆ ಹೀಗಾಗತ್ತೆ. ಮನೇಲಿ ಏನಾದ್ರೂ ತೊಂದರೆ ಇದೆಯಾ?”

ನಾನು ಬಾಯಿ ತೆರೆಯುವ ಮೊದಲೇ (ಅದಕ್ಕೆ ಹೊತ್ತು ಬೇಕಾಗುತ್ತಿತ್ತು) ಪಕ್ಕದ ಕುರ್ಚಿಯಿಂದ ನನ್ನವರು ಉತ್ತರ ಕೊಟ್ಟರು. ಇವಳಿಗೆ ಯಾವ ತೊಂದರೆಯೂ ಇಲ್ಲ, ಮನೆಯ ಅರ್ಧ ಮೇಲ್ವಿಚಾರಣೆ ನಾನೇ ವಹಿಸಿಕೊಂಡಿದ್ದೇನೆ ಅಂದರು. ಡಾಕ್ಟರು ಅವರನ್ನು ನೋಡಿದರು, ನನ್ನನ್ನು ನೋಡಿದರು, ಮಲಗುವಾಗ ಹಲ್ಲಿಗೆ ತೊಡಿಸಿಕೊಳ್ಳುವ ಕವಚವೊಂದಕ್ಕೆ ಅಳತೆ ತೆಗೆದರು. ಸಾಧ್ಯವಾದರೆ ಒತ್ತಡದ ಮೂಲವನ್ನೂ ಸ್ವಲ್ಪ ದೂರ ಇಡಿ ಅಂದರು.

ಮೆಟ್ಟಿಲಿಳಿಯುವಾಗ ನನ್ನವರು ಕೇಳಿದರು: “ಅಲ್ಲ ಇನ್ಸಾಫ್, ಅಷ್ಟೊಂದು ಹಲ್ಲು ಮಸೀತಿರೋದು ಯಾರ ಮೇಲೆ?”

ಅಂದಿನಿಂದ ನನ್ನ ದವಡೆಯೂ ಅವರ ತಪಾಸಣೆಗೆ ಸೇರಿತು. ನನ್ನ ಪಕ್ಕ ಹಾದುಹೋಗುವಾಗೆಲ್ಲ ‘ದವಡೆ ಸಡಿಲ ಬಿಡು’ ಅನ್ನುವರು. ಬಾಲ್ಕನಿಯಲ್ಲಿ ಬುಟ್ಟಿ ಇಳಿಸುತ್ತಿದ್ದಾಗಲೂ ಒಳಗಿನಿಂದ ಕೂಗಿದರು. ಕೆಳಗಿದ್ದ ತರಕಾರಿಯವನು ಬದನೆಕಾಯಿಯ ಜೊತೆಗೆ, ದವಡೆ ಹೇಗಿದೆ ಅಂತ ವಿಚಾರಣೆಯನ್ನೂ ಮೇಲೆ ಕಳಿಸಿದ.

ಆಗ ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ನನ್ನವರ ತಂಗಿ ಸವ್ಸನ್ ಇರುವುದು ಇಸ್ಮಾಯಿಲಿಯಾದಲ್ಲಿ, ಗಂಡನ ಮಾವಿನ ತೋಟದ ಮನೆಯಲ್ಲಿ. ಹಣ್ಣಿನ ಕಾಲ. ನಿಮ್ಮಣ್ಣನನ್ನು ನೀನೇ ಆಸೆಪಟ್ಟು ಕರೆದ ಹಾಗೆ ಕರೆಸಿಕೋ ಮಾರಾಯ್ತಿ ಅಂತ ಗುಟ್ಟಾಗಿ ಫೋನ್ ಮಾಡಿದೆ. ಅವಳು ಕರೆದಳು, ಇವರು ಹೊರಟರು. ಬಸ್ಸಿನ ಕಿಟಕಿಯಿಂದಲೂ ತಮ್ಮ ದವಡೆ ಮುಟ್ಟಿ ತೋರಿಸುತ್ತಲೇ ಹೋದರು.

ಆ ದಿನ ನಾನು ಮುಲೂಖಿಯಾ ಮಾಡಿ, ಎದುರು ಮನೆಗೂ ಕೇಳುವ ಹಾಗೆ ಉಸಿರೆಳೆದೆ. ಡಬ್ಬಿಗಳನ್ನೆಲ್ಲ ನನಗೆ ಬೇಕಾದಲ್ಲಿಟ್ಟೆ. ಆಮೇಲೆ ಮಾಡಲು ಕೆಲಸವಿಲ್ಲದೆ ಫೋನ್ ನೋಡುತ್ತ ಕೂತೆ. ತಲುಪಿದೆ ಅಂದವರು ಮತ್ತೆ ಮಾತೇ ಇಲ್ಲ. ರಕ್ತದೊತ್ತಡದ ಮಾತ್ರೆ ತೆಗೆದುಕೊಂಡರೋ ಇಲ್ಲವೋ. ಸವ್ಸನ್ ಅಡುಗೆಯ ತಂಟೆಗೆ ಹೋದರೋ ಏನೋ. ಅವಳು ನನ್ನ ಹಾಗೆ ಸಹಿಸುವ ಹೆಂಗಸಲ್ಲ. ಎರಡು ದಿನ ಕಳೆಯುವುದರೊಳಗೆ, ಮೆತ್ತಗಿನ ರೊಟ್ಟಿ ತಿನ್ನುತ್ತಿದ್ದಾಗ ದವಡೆ ಹಲ್ಲಿನ ಒಂದು ಮೂಲೆ ಮುರಿದು ಕೈಗೆ ಬಂತು.

ಡಾಕ್ಟರ್ ಮಗ್ದಾ ನೋಡಿ, ಮೊದಲಿಗಿಂತ ಹೆಚ್ಚು ಕಡಿದಿದ್ದೀರಲ್ಲ, ಕವಚ ಎಲ್ಲಿ ಅಂದರು. ನನ್ನವರು ಊರಲ್ಲಿಲ್ಲ, ಇನ್ನು ಅದು ಯಾಕೆ ಅಂತ ಡ್ರಾಯರಿನಲ್ಲಿಟ್ಟೆ ಅಂದೆ. ಆಕೆ ಕೈಯ ದೀಪ ಆರಿಸಿದರು.

“ಅವರಿದ್ರೂ ಕಡೀತೀರಿ, ಇಲ್ಲದಿದ್ರೂ ಕಡೀತೀರಿ. ಮುರಿದ ಹಲ್ಲನ್ನ ನಾನು ಸರಿಮಾಡ್ತೀನಿ ಮದಾಮ್. ಉಳಿದಿದ್ದು ನಿಮ್ಮಿಬ್ಬರದು.”

ಮನೆಗೆ ಬಂದವಳೇ ಇಸ್ಮಾಯಿಲಿಯಾಕ್ಕೆ ಫೋನ್ ಹಚ್ಚಿ, ಹಲ್ಲು ಮುರಿಯಿತು, ನಿಮ್ಮಣ್ಣನನ್ನು ಕಳಿಸು ಅಂದೆ. ಸವ್ಸನ್ ಕಳಿಸುವುದಿಲ್ಲ ಅಂದಳು.

“ಈಗ ತಾನೇ ಬಾಯಿ ಹುಣ್ಣೆಲ್ಲ ಮಾಯ್ತಾ ಇದೆ ಅತ್ತಿಗೆ. ಇನ್ನೊಂದಿಷ್ಟು ದಿನ ಇರಲಿ ಬಿಡಿ.”

“ಯಾವ ಹುಣ್ಣು?”

ನನಗೆ ಗೊತ್ತಿಲ್ಲವೆಂದು ಅವಳಿಗೂ ಗೊತ್ತಿರಲಿಲ್ಲ. ತುಟಿಯೊಳಗೆ, ನಾಲಿಗೆ ಕೆಳಗೆ ತುಂಬ ಹುಣ್ಣಾಗಿತ್ತಂತೆ, ನಿವೃತ್ತಿಯಾದಾಗಿನಿಂದ. ಹುಳಿ, ಖಾರ, ಬಿಸಿ ಯಾವುದು ತಾಗಿದರೂ ಪ್ರಾಣ ಹೋಗುತ್ತಿತ್ತಂತೆ. ಅಲ್ಲಿಯ ಡಾಕ್ಟರು ಮನಸ್ಸಿನ ಒತ್ತಡ ಅಂದರಂತೆ. ಏನು ಒತ್ತಡ ಅಣ್ಣ ಅಂತ ಕೇಳಿದರೆ, ಕೆಲಸ ಹೋಯಿತು, ಮನೆಯಲ್ಲಿ ಎಲ್ಲಿ ನಿಂತರೂ ಇನ್ಸಾಫ್‌ಗೆ ಅಡ್ಡ ಆಗುತ್ತೇನೆ, ಎಲ್ಲಿ ನಿಲ್ಲಬೇಕು ಅಂತಲೇ ತಿಳಿಯುವುದಿಲ್ಲ ಅಂದರಂತೆ. ಈಗ ಮಾವಿನ ಪೆಟ್ಟಿಗೆ ತುಂಬುವಲ್ಲಿ ನಿಂತು ಒಂದೊಂದು ಹಣ್ಣನ್ನೂ ತಪಾಸಣೆ ಮಾಡುತ್ತಾರೆ, ಆಳುಗಳು ‘ಸಾಹೇಬರೇ’ ಅನ್ನುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ ಅಂತ ಅವಳು ಹೇಳುತ್ತಲೇ ಇದ್ದಳು. ನನ್ನ ಹೆಸರಿನ ಅರ್ಥ ನ್ಯಾಯ. ನನ್ನ ಕಡೆಯ ನ್ಯಾಯವನ್ನೇ ಇಷ್ಟು ದಿನ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅದರಲ್ಲಿ ಎದುರಾಳಿಗೂ ಬಾಯಿ ನೋಯುತ್ತಿರಬಹುದು ಅಂತ ಹೊಳೆದೇ ಇರಲಿಲ್ಲ.

ಮರುದಿನವೇ ಬಸ್ಸು ಹತ್ತಿದೆ. ತೋಟದ ಮನೆಯ ಜಗಲಿಯಲ್ಲಿ ನನ್ನವರು ಉಪ್ಪಿನಲ್ಲಿಟ್ಟ ನಿಂಬೆಕಾಯಿ ಕಚ್ಚಿಕೊಂಡು ಊಟಮಾಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಂದು ಹೆಜ್ಜೆ ಸರಿದರು.

“ಬಾಯಿ ತೆಗೀರಿ” ಅಂದೆ.

ತೆಗೆದರು. ಅವರ ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದೆ. ಹುಣ್ಣೆಲ್ಲ ಮಾಯ್ದು ಕಲೆ ಮಾತ್ರ ಉಳಿದಿತ್ತು. ನನಗೆ ಯಾಕೆ ಹೇಳಲಿಲ್ಲ ಅಂದೆ. ನಿನ್ನ ದವಡೆಯೇ ನಿನಗೆ ಸಾಕಾಗಿತ್ತಲ್ಲ ಅಂದರು. ಆಮೇಲೆ, ಹಲ್ಲು ಮುರೀತಂತೆ, ತೋರಿಸು ಅಂತ ನನ್ನ ಗಲ್ಲ ಹಿಡಿದರು. ಆಶ್ಚರ್ಯವೆಂದರೆ ಬಾಯಿ ಪೂರ್ತಿ ತೆರೆಯಿತು.

ಮಾವಿನಹಣ್ಣಿನ ತಟ್ಟೆ ಹಿಡಿದು ಬಂದ ಸವ್ಸನ್, ನಾವಿಬ್ಬರೂ ಒಬ್ಬರ ಬಾಯಲ್ಲೊಬ್ಬರು ಇಣುಕುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತಳು.

“ಇದನ್ನೆಲ್ಲ ಮದುವೆಗೆ ಮುಂಚೆ ನೋಡ್ಕೋಬೇಕಿತ್ತು” ಅಂದಳು.

ಮೂವರೂ ನಕ್ಕೆವು. ನಗು ನಿಂತ ಮೇಲೆ ನನ್ನವರು ಬಾಯೊರೆಸಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು: “ಎಷ್ಟು ದಿನ ಇರ್ತೀಯ?”

ಕೇಳುವಾಗ ಅವರ ಬೆರಳು ತಾನಾಗಿ ತುಟಿಯ ಹತ್ತಿರ ಹೋಯಿತು. ಅದನ್ನು ನಾನು ನೋಡಿದೆ. ನೋಡಿದೆನೆಂದು ಅವರೂ ನೋಡಿದರು.

“ಹಣ್ಣು ಮುಗಿಯೋವರೆಗೆ” ಅಂದೆ.

ಅವರು ತೋಟದ ಕಡೆ ತಿರುಗಿ ಮರಗಳಲ್ಲಿ ಇನ್ನೆಷ್ಟು ಹಣ್ಣು ಉಳಿದಿದೆ ಅಂತ ಒಮ್ಮೆ ಅಂದಾಜು ಮಾಡಿದರು. ಆಮೇಲೆ ತಟ್ಟೆಯಿಂದ ದೊಡ್ಡ ಹಣ್ಣನ್ನು ಆರಿಸಿ, ಮೂಸಿ, ಒತ್ತಿ ನೋಡಿ, ಸರಿಯಾಗಿದೆ ಅಂತ ನನ್ನ ಮುಂದಿಟ್ಟರು.