ಪ್ರೇಮಾಬಾಯಿಯ ಫ್ರಿಜ್ಜಿನಲ್ಲಿ ದ್ರೌಪದಿಯ ದನಿ

ಎಲ್ಲಾ ಕೆಟ್ಟದ್ದು ಉಮರ್ಗಾದ ಆ ಸಣ್ಣ ಆಸ್ಪತ್ರೆಯ ಫ್ರಿಜ್ಜಿನಿಂದ. ಭೀಮಶಾ ಸೋಲಾಪುರದಿಂದ ಔಷಧದ ಥಂಡಿ ಡಬ್ಬಿಯನ್ನು ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ ದಿನವೇ ಆ ಫ್ರಿಜ್ ಕೈಕೊಟ್ಟಿತು.

"ಸಂಜಿಮಟ ಯಾರ ಮನ್ಯಾಗರ ಇಡ್ರಿ. ಥಂಡಾ ಇರಬೇಕು, ಆದ್ರ ಬರ್ಫ್ ಆಗಿ ಹೆಪ್ಪುಗಟ್ಟಬಾರ್ದು," ಎಂದರು ಡಾಕ್ಟರು.

ಅಲ್ಲೇ ವಾರ್ಡಿನಲ್ಲಿ ಮಲಗಿದ್ದ ಹೆಂಡತಿ ದ್ರೌಪದಿಗೆ ಬಂದದ್ದು ವಿಚಿತ್ರ ಬೇನೆ. ದೇಹವನ್ನು ಕಾಯಬೇಕಾದ ಪಹರೆಯವರೇ ಮನೆಯವರ ಮೇಲೆ ಕೈಮಾಡುತ್ತಿದ್ದಾರೆ, ನರ ಹೇಳಿದ್ದು ಸ್ನಾಯುವಿಗೆ ಮುಟ್ಟುತ್ತಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ರೆಪ್ಪೆಗಳು ಜೋತುಬಿದ್ದವು, ದನಿ ಅಡಗಿತು. ಹಿಂದೆ ಭೂಕಂಪವಾದ ಬೆಳಗಿನ ಜಾವ ಇಡೀ ಓಣಿಯನ್ನು ಎಬ್ಬಿಸಿ ಹೊರಗೆ ಹಾಕಿದ ದನಿ ಅದು! ಅದಕ್ಕೆ ಹೆದರಿ ಎಷ್ಟೋ ಸಲ ಹಿತ್ತಲ ಬಾಗಿಲಿನಿಂದ ಪಾರಾಗಿದ್ದ ಭೀಮಶಾನಿಗೆ ಈಗ ಮನೆ ಬಿಕೋ ಎನ್ನುತ್ತಿತ್ತು. ಒಂದೇ ಒಂದು ಬೈಗುಳಕ್ಕಾಗಿ ಅವನ ಜೀವ ಹಂಬಲಿಸುತ್ತಿತ್ತು.

ಓಣಿಯಲ್ಲಿ ಫ್ರಿಜ್ ಇದ್ದದ್ದು ಪಕ್ಕದ ಮನೆಯ ಪ್ರೇಮಾಬಾಯಿಗೆ ಮಾತ್ರ.

"ಇದರಾಗ ಏನದನೋ ಭೀಮಶಾ?"

ಭೀಮಶಾನಿಗೆ ಸುಳ್ಳು ಹೇಳಲು ಬಾರದು. "ಇಮ್ಯುನೊಗ್ಲಾಬ್ಯುಲಿನ್ ರೀ ವೈನಿ. ಸಾವಿರಾರು ಮಂದಿ ರಕ್ತ ಕೂಡಿಸಿ, ಅದರಾಗಿನ ಸತ್ವ ತೆಗೆದು ಮಾಡ್ತಾರಂತ. ರಕ್ತನಾಳದಾಗ ಬಿಟ್ರ ಆ ಪಹರೆದವರು ಸುಮ್ಮಗಾಗ್ತಾರಂತ."

"ಶಿವ ಶಿವಾ! ಲಿಂಗಕ್ಕ ಎರಿಯೋ ಹಾಲಿನ ಮಗ್ಗಲಿಗಿ ರಕ್ತಾ?"

ಭೀಮಶಾ ಕೈಮುಗಿದ. ಪ್ರೇಮಾಬಾಯಿ ಕರಗಿದಳು. ಅವನು ಆಚೆ ಹೋದದ್ದೇ ತಡ, ಹಾಲಿಗೆ ಮೈಲಿಗೆಯಾಗದಿರಲೆಂದು ಶೀಶೆಗಳನ್ನು ಮೇಲಿನ ಬರ್ಫದ ಖಾನೆಗೆ ಏರಿಸಿದಳು. ಸಂಜೆಗೆ ಅವು ಕಲ್ಲಾಗಿದ್ದವು.

"ಇವು ಇನ್ನ ಕೆಲಸಕ್ಕ ಬರೂದಿಲ್ಲ," ಎಂದರು ಡಾಕ್ಟರು.

ಭೀಮಶಾ ಮೋಟರ್‌ಸೈಕಲ್ ಮಾರಿ ಮತ್ತೆ ಸೋಲಾಪುರದ ಬಸ್ಸು ಹತ್ತಿದ. ಬರುವಷ್ಟರಲ್ಲಿ ಆಸ್ಪತ್ರೆಯ ಫ್ರಿಜ್ ರಿಪೇರಿಯಾಗಿತ್ತು. ದಿನಕ್ಕಿಷ್ಟು ಎಂದು ಔಷಧ ಹನಿಹನಿಯಾಗಿ ಇಳಿಯಿತು. ದ್ರೌಪದಿಯ ರೆಪ್ಪೆಗಳೂ ಮೇಲೆದ್ದವು. ಆದರೆ ತಾವು ಕೇಳುವ ತನಕ ಬಾಯಿ ದಣಿಸಬಾರದೆಂದು ಡಾಕ್ಟರ ಅಪ್ಪಣೆ. ಭೀಮಶಾ ಹಗಲೆಲ್ಲಾ ಹೆಂಡತಿಯ ತುಟಿ ನೋಡುತ್ತ ಕುಳಿತ.

ಕೊನೆಗೊಂದು ದಿನ ಡಾಕ್ಟರು ಬಂದರು. ಮುಂಬೈ ಕಡೆಯ ಹುಡುಗ; ಕನ್ನಡವನ್ನು ಇಲ್ಲಿಗೆ ಬಂದೇ ಕಲಿತದ್ದು. "ಬಾಯಿ, ನವರ್‍ಯಾಚಂ ನಾವ ಸಾಂಗಾ," ಎಂದು ಮರಾಠಿಯಲ್ಲಿ ಗಂಡನ ಹೆಸರು ಕೇಳಿದರು. ದ್ರೌಪದಿ ತುಟಿ ಬಿಗಿಹಿಡಿದಳು. ಮತ್ತೆ ಕೇಳಿದರು. ಉಹೂಂ.

"ದನಿ ಇನ್ನಾ ಬಂದಿಲ್ಲ. ಇನ್ನೊಂದ್ ಸಲ ಔಷಧ ಬೇಕಾಗ್ತದ," ಎಂದು ಅವರು ಹೊರಟರು. ಭೀಮಶಾ ಮುಖ ಮುಚ್ಚಿಕೊಂಡು ಅತ್ತೇಬಿಟ್ಟ.

"ಅಳೂದ್ ಬಿಡ್ರಿ!" ವಾರ್ಡಿನ ಕಿಟಕಿ ನಡುಗಿತು. "ಗಂಡನ ಹೆಸರ ಹೆಂಗ ತಗೋಲಿ, ಅದೂ ಆ ಹುಡುಗನ ಮುಂದ?"

ಆಹಾ! ಭೀಮಶಾ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ. "ಮಾತಾಡು ದ್ರೌಪದಿ. ಬೈತೀ ಅಂದ್ರ ಬೈ. ನಾ ಎಲ್ಲೂ ಹೋಗಂಗಿಲ್ಲ."

ದ್ರೌಪದಿ ಬಾಯಿ ತೆರೆದಳು. ಅಷ್ಟರಲ್ಲಿ ಪ್ರೇಮಾಬಾಯಿ ರೊಟ್ಟಿಯ ಗಂಟು ಹಿಡಿದು ಬಾಗಿಲಲ್ಲಿ ಬಂದು ನಿಂತಳು. ದ್ರೌಪದಿಯ ಮುಖ ಅರಳಿತು.

"ಬರ್ರಿ ವೈನಿ, ಬರ್ರಿ! ಓಣ್ಯಾಗ ಏನೇನಾಗ್ಯದ, ಒಂದೂ ಬಿಡದಂಗ ಹೇಳ್ರಿ," ಎಂದವಳೇ ಗಂಡನತ್ತ ತಿರುಗಿದಳು. "ಏನ್ರೀ, ಏಳ್ರಿ. ವೈನಿಗಿ ಕುರ್ಚಿ ಬಿಡ್ರಿ. ನೀವು ಹೊರಗ ಕೂಡ್ರಿ."